ಮೊದಲ ‘ಬೇಡ’

ನೋರಾ ಅವರಿಗೆ ಸಿಕ್ಕಿದ್ದ ಕೊನೆಯ ಪಾತ್ರವನ್ನು ಬೇಡವೆಂದವನು ನಾನು — ಅದೂ ಅವರದೇ ದನಿಯಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಡಮಾಡಿದರೆ ನನ್ನ ಬಾಯಿ ತಮಾಷೆಯ ಕಡೆಗೆ ಜಾರುತ್ತದೆ. ಅದರ ಚರಿತ್ರೆಯೇ ಅಂಥದ್ದು.

ಹುಬ್ಬಳ್ಳಿಯಲ್ಲಿ ಓದುವಾಗಲೇ ನಾನು ಮಿಮಿಕ್ರಿ ಇಮ್ತಿಯಾಜ್. ಪ್ರಿನ್ಸಿಪಾಲರ ಕೆಮ್ಮು, ನಮ್ಮ ಮಾಮೂನ ಗೊರಕೆ, ಕನ್ನಡಿಯ ಮುಂದೆ ನಿಂತು ನನ್ನದೇ ತೊದಲು — ಯಾರನ್ನೂ ಬಿಟ್ಟವನಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ಕೆಲಸ ಸಿಕ್ಕಿ, ಪಕ್ಕದ ಊರಾದ ಹಾರ್ಲೆಮ್‌ನ ನೋರಾ ಅವರ ಮನೆಯ ಮಹಡಿ ಕೋಣೆಗೆ ಬಾಡಿಗೆಗೆ ಬಂದವನು, ಪೆಟ್ಟಿಗೆ ಬಿಚ್ಚುವ ಮೊದಲೇ ಅವರ ದನಿಯನ್ನು ಕದ್ದಿದ್ದೆ.

ಕದಿಯುವಂಥ ದನಿಯೇ ಅದು. ಐರ್ಲೆಂಡಿನ ಪಶ್ಚಿಮದಂಚಿನ ಮೀನುಗಾರರ ಊರಿನಿಂದ, ಇನ್ನೂ ಹುಡುಗಿಯಾಗಿದ್ದಾಗ, ಒಂದು ವಾದ್ಯತಂಡದ ಜೊತೆ ಹಡಗು ಹತ್ತಿ ಬಂದವರು. ತಂಡ ಒಡೆಯಿತು, ಇವರು ಉಳಿದರು. ಪಬ್ಬುಗಳಲ್ಲಿ ಹಾಡಿದರು — ಗ್ಲಾಸುಗಳ ಸದ್ದನ್ನು ಮೀರಿ ಹಾಡಿ ಹಾಡಿ ಗಂಟಲಿಗೆ ಆ ಒರಟು ಬಂದದ್ದು ಅಲ್ಲೇ. ನಾಟಕಕ್ಕೆ ಸೇರಿದರು, ಟೀವಿ ಧಾರಾವಾಹಿಗಳಿಗೂ ಹೋದರು. ಆದರೆ ಅವರ ಡಚ್ ಉಚ್ಚಾರ ಐರ್ಲೆಂಡ್ ಬಿಟ್ಟು ಬರಲೇ ಇಲ್ಲ; ಹಾಗಾಗಿ ಸಿಕ್ಕಿದ್ದೆಲ್ಲ ಪರದೇಶದ ಕೆಲಸದಾಕೆ, ಪರದೇಶದ ನರ್ಸ್, ಒಮ್ಮೆ ಪರದೇಶದ ಹೆಣ. “ಹೆಣಕ್ಕೂ ಉಚ್ಚಾರ ಇರುತ್ತೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು,” ಎನ್ನುತ್ತಿದ್ದರು. (ನಾವು ಆಡುತ್ತಿದ್ದದ್ದು ಇಂಗ್ಲಿಷು, ಕನ್ನಡದಲ್ಲಿ ಬರೆಯುತ್ತಿದ್ದೇನೆ.) ಹಾಡಿದ್ದಲ್ಲಿ ಪಾತ್ರವಿಲ್ಲ, ಪಾತ್ರವಿದ್ದಲ್ಲಿ ಹಾಡಿಲ್ಲ — ಇಡೀ ವೃತ್ತಿಜೀವನ ಹೀಗೇ ಕಳೆದಿತ್ತು.

ನಮ್ಮಿಬ್ಬರನ್ನು ಹತ್ತಿರ ತಂದದ್ದು ಚಹಾ. ಮೊದಲ ದಿನ “ಚಹಾ?” ಎಂದರು. “ಬೇಡ ಆಂಟಿ,” ಎಂದೆ. “ನಾನು ಯಾವ ಕಡೆಯಿಂದ ನಿನಗೆ ಆಂಟಿ?” ಎನ್ನುತ್ತಲೇ ಕಪ್ಪಿಗೆ ಸುರಿದರು. ಅವರ ಊರಿನಲ್ಲೂ ಮೊದಲ ‘ಬೇಡ’ಕ್ಕೆ ಬೆಲೆಯಿಲ್ಲವಂತೆ, ನಮ್ಮ ಮನೆಗಳ ಹಾಗೆಯೇ. ಕೊಡುವವರು ಇನ್ನೊಮ್ಮೆ ಕೇಳಬೇಕು, ಒತ್ತಾಯ ಮಾಡಬೇಕು. ಆಮೇಲೆ, ಸರಿ, ಅರ್ಧ ಕಪ್ಪು. “ಇಲ್ಲಿಯವರ ಹತ್ತಿರ ಹಾಗೆ ‘ಬೇಡ’ ಅಂದು, ಯಾರೂ ಇನ್ನೊಮ್ಮೆ ಕೇಳದೆ, ಮೊದಲ ಚಳಿಗಾಲ ಪೂರ್ತಿ ಹಸಿದುಕೊಂಡಿದ್ದೆ!” ಎಂದು ನಕ್ಕಿದ್ದರು. ಕೇಳಿ ನಾನೂ ನಕ್ಕಿದ್ದೆ. ಹಾಗಾಗಿ, ಗೊತ್ತಿರಲಿಲ್ಲ ಎನ್ನುವ ದಾರಿಯೂ ನನಗಿಲ್ಲ.

ಅವರ ಮನೆಯ ಫೋನನ್ನು ಅವರದೇ ದನಿಯಲ್ಲಿ ಎತ್ತುವುದು ನನ್ನ ಆಟ. ಗೆಳತಿಯರು ಮೋಸಹೋಗುತ್ತಿದ್ದರು, ಇವರು ಬಾಗಿಲಲ್ಲಿ ಹೊಟ್ಟೆ ಹಿಡಿದು ನಗುತ್ತಿದ್ದರು. ಆ ವಸಂತದಲ್ಲಿ ಒಂದು ನಾಟಕ ತಂಡಕ್ಕೆ ಆಡಿಷನ್ ಕೊಟ್ಟು ಬಂದರು: ಊರಿಗೆ ಮರಳಲಾಗದ ಮುದುಕಿ, ನಾಟಕದ ಉದ್ದಕ್ಕೂ ಹಾಡುವವಳು. ಪಾತ್ರವೂ ಹಾಡೂ ಮೊದಲ ಬಾರಿಗೆ ಒಟ್ಟಿಗೆ! ಫೋನಿನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಕಾಯತೊಡಗಿದರು. ಒಂದು ಬೆಳಿಗ್ಗೆ ಒಗೆದ ಬಟ್ಟೆ ಹರವಲು ಹಿತ್ತಿಲಿಗೆ ಹೋದರು. ಫೋನು ಬಂತು.

“ಪಾತ್ರ ನಿಮ್ಮದೇ. ಮಾಡ್ತೀರಲ್ಲ?” ಎಂದಿತು ಒಂದು ಹೆಣ್ಣುದನಿ, ಇಂಗ್ಲಿಷಿನಲ್ಲೇ.

ನಾನು ಕೂಗಿ ಕರೆಯಬೇಕಿತ್ತು. ಆದರೆ — ನೋಡಿ, ಇಲ್ಲಿಯೇ — ಅವತ್ತು ಆ ದನಿ ನನ್ನ ಗಂಟಲಿನಲ್ಲಿ ಎಷ್ಟು ಚೆನ್ನಾಗಿ ಕೂತಿತ್ತು... ಸ್ವಲ್ಪ ಬಿಗುಮಾನ ತೋರಿಸಿ, ಆಕೆ ಇನ್ನೊಮ್ಮೆ ಕೇಳುವಂತೆ ಮಾಡಿ, ಆಮೇಲೆ ಅವರನ್ನು ಕರೆಯೋಣ ಎಂದು —

“ಅಯ್ಯೋ, ಬೇಡಮ್ಮ. ಈ ವಯಸ್ಸಲ್ಲಿ ನನಗ್ಯಾಕೆ? ಚಿಕ್ಕವರು ಯಾರನ್ನಾದರೂ ನೋಡಿಕೊಳ್ಳಿ.”

ಒತ್ತಾಯಕ್ಕಾಗಿ ಕಾದೆ.

“ಡೌಡೆಲಕ್,” ಎಂದಳು ಆಕೆ. ಸ್ಪಷ್ಟವಾಯಿತು, ಎಂದರ್ಥ ಡಚ್ಚಿನಲ್ಲಿ. ಫೋನಿಟ್ಟಳು.

ನೋರಾ ಖಾಲಿ ಬುಟ್ಟಿ ಹಿಡಿದು ಒಳಗೆ ಬಂದರು. “ಯಾರು?”

“ರಾಂಗ್ ನಂಬರ್.”

ಆಗಲೂ ಸರಿಮಾಡಬಹುದಿತ್ತು. ಆಫೀಸಿನ ಗೆಳೆಯ, ಮೈಸೂರಿನ ರಘುವಿಗೆ ಮಾತ್ರ ಹೇಳಿದೆ. ಅವನು ಊಟದ ಡಬ್ಬಿ ಮುಚ್ಚಿಟ್ಟ. “ಲೋ, ಇಲ್ಲಿ ಬೇಡ ಅಂದ್ರೆ ಬೇಡ ಅಷ್ಟೇ. ಕೈ ಹಿಡ್ಕೊಂಡು ಬಡಿಸೋಕೆ ಆಯಮ್ಮ ಏನು ನಿಮ್ಮತ್ತೇನಾ? ಈಗ್ಲೇ ಮನೆಗೆ ಹೋಗಿ ಹೇಳ್ಬಿಡು.”

“ಹೇಳ್ತೇನಿ ಬಿಡಪಾ. ನಾಳೆ.”

“ನಾಳೆ ಹೊತ್ಗೆ ಬೇರೆಯವ್ರು ಒಪ್ಕೊಂಡಿರ್ತಾರೆ ಕಣೋ.”

ಒಪ್ಪಿಕೊಂಡರು. ನಿಲ್ದಾಣದ ಗೋಡೆಯ ಮೇಲೆ ಇನ್ನೊಬ್ಬಾಕೆಯ ಮುಖವಿದ್ದ ಪೋಸ್ಟರ್ ಬಂದಾಗ ನಾವಿಬ್ಬರೂ ಅದರ ಮುಂದೆಯೇ ನಿಂತಿದ್ದೆವು. ನೋರಾ ಅದನ್ನು ಪೂರ್ತಿ ಓದಿದರು. “ನನ್ನ ದನಿ ಹೋಗಿದೆ ಅಂತ ಅವರಿಗೆ ಗೊತ್ತಾಗಿರಬೇಕು. ಹೇಳೋಕೆ ಮುಜುಗರ ಆಯ್ತೇನೋ, ಪಾಪ,” ಎಂದರು. ಪಾಪ — ಅವರಿಗೆ!

ಅವತ್ತಿನಿಂದ ಪಾತ್ರೆ ತೊಳೆಯುವಾಗಲೂ ಹಾಡಲಿಲ್ಲ. ಎಂದಾದರೊಮ್ಮೆ, “ನೀನೇ ಹಾಡು, ನನ್ನ ಹಾಗೆ,” ಎನ್ನುತ್ತಿದ್ದರು. ನಾನು ಹಾಡುತ್ತಿದ್ದೆ. ಎಂಥ ಬೇವರ್ಸಿ ನಾನು — ಹಾಡುತ್ತಿದ್ದೆ! ಅವರು ಕಣ್ಣುಮುಚ್ಚಿ ಕೇಳುತ್ತಿದ್ದರು.

ಆಮೇಲೆ ಕೆಲಸ ಬದಲಿಸಿ ಆಮರ್ಸ್‌ಫೋರ್ಟಿಗೆ ಓಡಿದೆ. ವರ್ಷಗಳೇ ಕಳೆದವು. ಹಬ್ಬಕ್ಕೆ ಫೋನು ಮಾಡುತ್ತಿದ್ದೆ. ಆ ಮೊದಲ “ಹಲೋ” ಕೇಳಿದೊಡನೆ ನನ್ನದೇ ದನಿ ಕೇಳಿದಂತಾಗಿ ಬೆವರುತ್ತಿದ್ದೆ. ಹೋದ ಭಾನುವಾರ ಹಾರ್ಲೆಮ್‌ನ ರೈಲು ಹತ್ತಿದೆ.

ಅಡುಗೆಮನೆಯ ಮೇಜಿನೆದುರು ಕೂತು ಎಲ್ಲವನ್ನೂ ಹೇಳಿದೆ — ಆಕೆ ಕೇಳಿದ್ದು, ನಾನಂದದ್ದು, ಆಕೆಯ ಆ ಒಂದು ಪದ, ರಾಂಗ್ ನಂಬರ್. ಯಾರ ದನಿಯನ್ನೂ ಅನುಕರಿಸಲಿಲ್ಲ. ನನ್ನ ದನಿ ಇಷ್ಟು ಸಣ್ಣದೆಂದು ನನಗೇ ಗೊತ್ತಿರಲಿಲ್ಲ. ಅವರು ಕಿಟಕಿಯಾಚೆ ಬಟ್ಟೆ ಹರವುವ ತಂತಿಯನ್ನೇ ನೋಡುತ್ತಿದ್ದರು. ಕೆಟಲ್ ಕುದಿಯಿತು. ಎದ್ದು ಎರಡು ಕಪ್ಪು ತೆಗೆದಿಟ್ಟರು.

“ಚಹಾ?” ಎಂದರು, ನನ್ನ ಕಡೆ ತಿರುಗದೆ.

“ಬೇಡ,” ಎಂದೆ. ಹುಟ್ಟಿದಾಗಿನಿಂದ ಬಂದ ಅಭ್ಯಾಸ, ಬಾಯಿಗೆ ತಾನಾಗಿ ಬಂತು.

ಒಂದು ಕಪ್ಪನ್ನು ಕಪಾಟಿಗೆ ವಾಪಸು ಇಟ್ಟರು.

“ಡೌಡೆಲಕ್,” ಎಂದರು.