ಸಾರು ಬಿಸಿಗಿಡುವ ಸದ್ದು

ಜಯಮ್ಮನವರು ಗಾಡಿಯ ಸೈಲೆನ್ಸರ್ ಹಿಂದೆ ಕುಕ್ಕರಗಾಲಲ್ಲಿ ಕೂತು ಅಂಗೈ ಚಾಚುತ್ತಿದ್ದರು. ನಾನು ಇಂಜಿನ್ ಸ್ಟಾರ್ಟ್ ಮಾಡುತ್ತಿದ್ದೆ. ಜ್ವರ ಬಂದ ಮಗುವಿನ ಹಣೆ ಮುಟ್ಟುವವರ ಹಾಗೆ ಆ ಬಿಸಿ ಗಾಳಿ ಮುಟ್ಟಿ, "ಹೂಂ, ಚೆನ್ನಾಗಿದಾನೆ" ಅನ್ನುತ್ತಿದ್ದರು.

ಚಾಮರಾಜಪೇಟೆಯಲ್ಲಿ ಸೊಪ್ಪು ಮಾರುವ ಹೆಂಗಸು. ಗಾಡಿ ಅವರ ಮಗ ಮಂಜುವಿನದು. ಹಳೇ ಸ್ಪೋರ್ಟ್ಸ್ ಕಾರು ತಂದು, ಇಂಜಿನ್ ಬಿಚ್ಚಿ, ಇನ್ನೂ ಜೋರಾಗಿ ಓಡಲಿ ಅಂತ ಕಂಪ್ರೆಷನ್ ಏರಿಸಿ, ದಪ್ಪ ಸೈಲೆನ್ಸರ್ ಕೂರಿಸಿದ್ದ. ಜ್ವರ ಅಂತ ಮಲಗಿದವನು ಏಳಲಿಲ್ಲ.

ಆಮೇಲೆ ಪ್ರತಿ ಭಾನುವಾರ, ಅವನ ಗಾಡಿ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ಕು ನಾನೇ ಅವರನ್ನು ಕೂರಿಸಿಕೊಂಡು ಒಂದು ಸುತ್ತು ಹೊಡೆಸುತ್ತಿದ್ದೆ. ಬಂಕಿನವನು ಮಾಮೂಲಿ ಪೆಟ್ರೋಲಿನ ಪೈಪಿಗೆ ಕೈ ಹಾಕಿದರೆ ಮುಗೀತು, ಜಯಮ್ಮ ರೇಗೋರು.

"ಲೇ, ಅದಲ್ಲ, ಜಾಸ್ತಿ ಆಕ್ಟೇನ್‌ದು ಹಾಕೋ! ಅಗ್ಗದ್ದು ಕುಡಿಸಿದ್ರೆ ಇಂಜಿನ್ ಕಟಕಟ ಹೊಡ್ಕೊಳುತ್ತೆ."

ಅವರ ಕಾಲಲ್ಲಿ ಮಾತ್ರ ಕಿತ್ತ ಬಾರಿಗೆ ಪಿನ್ನು ಚುಚ್ಚಿದ ಚಪ್ಪಲಿ.

ಗಾಡಿಯಲ್ಲಿ ಪಟ್ ಪಟ್ ಅಂತ ಒಂದು ಸದ್ದಿತ್ತು. ಎಲ್ಲೋ ಹೊಗೆ ಸೋರುತ್ತಿದೆ, ಸರಿ ಮಾಡ್ತೀನಿ ಅಂದರೆ, "ಸದ್ದಿನ ತಂಟೆಗೆ ಬರಬೇಡ" ಅನ್ನೋರು. ಹೊಗೆ ಒಳಗೆ ನಿಲ್ಲದಿರಲಿ ಅಂತ ನಾನು ಗ್ಲಾಸ್ ಇಳಿಸಿಯೇ ಓಡಿಸುತ್ತಿದ್ದೆ.

ಒಂದು ಭಾನುವಾರ "ತಲೆ ಸಿಡೀತದೆ ಕಣಪ್ಪ" ಅಂದರು. ಕೇಳಿದರೆ, ಸಂಜೆ ಹೊತ್ತು ಮನೆ ಮುಂದೆ ಗಾಡಿ ಸ್ಟಾರ್ಟ್ ಮಾಡಿ, ಯಾರಾದರೂ ನೋಡ್ತಾರೆ ಅಂತ ಕಪ್ಪು ಗ್ಲಾಸ್ ಏರಿಸಿಕೊಂಡು ಒಳಗೆ ಕೂರುತ್ತಿದ್ದರಂತೆ. ಹೊಗೆ ಪೈಪು ಇಂಜಿನ್ನಿಗೆ ಸೇರುವ ಜಾಯಿಂಟಿಗೆ ಸೋಪಿನ ನೀರು ಬಿಟ್ಟೆ. ಬುಳುಬುಳು ಗುಳ್ಳೆ ಎದ್ದವು. ಸಂದು ಮುಚ್ಚುವ ಗ್ಯಾಸ್ಕೆಟ್ ಸೀಳಿತ್ತು.

"ಅಮ್ಮಾ, ಈ ಹೊಗೆ ವಿಷ. ಜೀವ ಹೋಗತ್ತೆ."

"ಸರಿ ಮಾಡಿದ್ರೆ ಸದ್ದು ಹೋಗತ್ತಾ?"

"ಹೋಗತ್ತಮ್ಮ."

ಸೆರಗಿನ ತುದಿ ಸುತ್ತುತ್ತಾ ನಿಂತರು. "ಅವನು ತಿರುವಿಗೆ ಬರ್ತಿದ್ದಂಗೆ ಈ ಸದ್ದು ಕೇಳೋದು. ಎದ್ದು ಸಾರು ಬಿಸಿಗಿಡ್ತಿದ್ದೆ. ಚಪ್ಪಲಿ ಬಿಡೋ ಹೊತ್ತಿಗೆ ಕುದಿ ಬಂದಿರೋದು." ಆಮೇಲೆ, "ಮಾಡಪ್ಪ" ಅಂದರು.

ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಸ್ಪಾನರ್ ಹಿಡಿದವನು ನಾನು. ನನ್ನ ಕೆಲಸದ ಮೇಲೆ ನನಗೆ ಜಂಬ ಇದೆ, ಇಲ್ಲ ಅನ್ನಲ್ಲ. ಹೊಸ ಗ್ಯಾಸ್ಕೆಟ್ ಕೂರಿಸಿ, ಒಂದೆಳೆ ಹೊಗೆಯೂ ಸೋರದ ಹಾಗೆ ಬಿಗಿದೆ. ಸ್ಟಾರ್ಟ್ ಮಾಡಿದೆ, ಪಟ್ ಪಟ್ ಸದ್ದಿರಲಿಲ್ಲ. ಜಯಮ್ಮ ಅಂಗೈ ಚಾಚಿ ತುಂಬಾ ಹೊತ್ತು ಹಿಡಿದೇ ಇದ್ದರು.

"ಚೆನ್ನಾಗಿ ಮಾಡಿದೀಯ ಕಣಪ್ಪ. ಆದ್ರೆ ಇದು ಯಾರ ಗಾಡಿನೋ."

ಕೀ ನನ್ನ ಕೈಗಿಟ್ಟು ನಡೆದುಕೊಂಡೇ ಹೋದರು. ಮುಂದಿನ ಭಾನುವಾರ ಬರಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ತೀರಿಕೊಂಡರು. ಡಾಕ್ಟರು ಹಾರ್ಟು ಅಂದರು.

ಗಾಡಿ ಇನ್ನೂ ನನ್ನ ಶೆಡ್ಡಿನಲ್ಲೇ ಇದೆ. ಅವರು ಹೇಳುತ್ತಿದ್ದ ಪೆಟ್ರೋಲೇ ಹಾಕಿಸಿ, ಭಾನುವಾರ ಒಂದು ಸುತ್ತು ಹೊಡೆಸುತ್ತೇನೆ. ಅವರ ಮನೆ ತಿರುವು ಬಂದರೆ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ಗಾಡಿ ಆ ಪಟ್ ಪಟ್ ಸದ್ದಿಲ್ಲದೆ ನುಣ್ಣಗೆ ಹೋಗುತ್ತದೆ. ಒಲೆ ಹಚ್ಚಲು ಯಾರೂ ಏಳುವುದಿಲ್ಲ.