ಅಪ್ಪ ವಿಂಗಡಿಸಿದ ರೇಗ್‌ಮಾಲ್

ನಮ್ಮ ಮನೆಯಲ್ಲಿ ಸವೆದ ರೇಗ್‌ಮಾಲ್ ಎಸೆದರೆ ಅನ್ನ ಚೆಲ್ಲಿದಷ್ಟು ಪಾಪ. ಮರ ಉಜ್ಜುವ ಆ ಕಾಗದ ಹರಿದರೆ ಅಪ್ಪ ಅದರ ಬೆನ್ನಿಗೆ ಹಳೆಯ ಧೋತರದ ತುಂಡು ಅಂಟಿಸುತ್ತಿದ್ದರು. ಮರದ ಪುಡಿ ಕಚ್ಚಿಕೊಂಡು ಮೊಂಡಾಗಿದ್ದರೆ ಹವಾಯಿ ಚಪ್ಪಲಿಯ ರಬ್ಬರಿನಿಂದ ತಿಕ್ಕಿ ಬಿಡಿಸುತ್ತಿದ್ದರು. ಒರಟೋ ನುಣುಪೋ ಎಂದು ತಿಳಿಸುವ ಬೆನ್ನಿನ ನಂಬರು ಬಟ್ಟೆಯಡಿ ಮುಚ್ಚಿದ ಮೇಲೆ ಅದನ್ನು ಹೇಳುವುದು ಅವರ ಬೆರಳ ತುದಿ ಮಾತ್ರ. ಹಾಗೆ ಸವರಿ ನೋಡಿಯೇ ಮೂರು ಡಬ್ಬಿಗಳಿಗೆ ಹಂಚುತ್ತಿದ್ದರು. ಭಾಲ್ಕಿಯಲ್ಲಿ ನೌಕರಿ ಮಾಡುವ ಮಗಳು ನಾನು. ರವಿವಾರ ಬೀದರಿನ ಮನೆಗೆ ಬಂದು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಅವರೊಂದಿಗೆ ಮರಗೆಲಸಕ್ಕೆ ಕೂತರೆ, ಡಬ್ಬಿಯಿಂದ ತೆಗೆದದ್ದನ್ನು ಒಮ್ಮೆಯೂ ಪರೀಕ್ಷಿಸುತ್ತಿರಲಿಲ್ಲ. ಅಷ್ಟು ನಂಬಿಕೆ.

ಹೋದ ವರ್ಷ ಔರಾದದ ಸೋದರತ್ತೆಯ ದೇವರ ಮನೆಗೆ ಸಾಗುವಾನಿ ಬಾಗಿಲು ಮಾಡಿದೆವು. ಕೊನೆಯ ಉಜ್ಜು ಉಳಿದಿತ್ತು. ನುಣುಪಿನ ಡಬ್ಬಿಯಿಂದ ಒಂದು ತುಂಡು ತೆಗೆದು ನಾಲ್ಕು ಸಲ ಗಟ್ಟಿಯಾಗಿ ಎಳೆದೆ. ಬಾಗಿಲ ಮೇಲೆ ಬೆಕ್ಕು ಪರಚಿದಂತೆ ಗೀರುಗಳೆದ್ದವು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು.

“ಅಪ್ಪಾ, ಇದೇನ್ ಮಾಡೀರಿ? ಒರಟಂದು ಇದ್ರಾಗ ಯಾಕ ಹಾಕೀರಿ?”

“ಬರೊಬ್ಬರಿ ಅದ. ನಿನಗ ಕೆಲಸ ಬರಂಗಿಲ್ಲ,” ಎಂದು ಅವರೂ ಬಿಡಲಿಲ್ಲ. ಎದ್ದು ಬಂದು ಗೀರುಗಳ ಮೇಲೆ ಬೆರಳಾಡಿಸಿದರು. “ನೋಡು, ಎಷ್ಟ ನುಣ್ಣಗದ.”

ಮರದ ಸಿಬಿರು ಚುಚ್ಚಿ ಅವರ ತೋರುಬೆರಳಿನಿಂದ ರಕ್ತ ಬರುತ್ತಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. ಕೈ ಹಿಡಿದು ತೋರಿಸಿದೆ. ಬೆರಳನ್ನು ಧೋತರದ ಅಂಚಿಗೆ ಒರೆಸಿಕೊಂಡರು.

“ದೀಪಾವಳಿಯಿಂದ ಹಿಂಗೇ ಅದವ್ವಾ. ಹೇಳಿದ್ರ ನೀ ಡಬ್ಬಿ ಕಸ್ಕೋತಿದ್ದಿ,” ಎಂದರು.

ಶುಗರ್ ನರಗಳನ್ನು ತಿಂದಿದೆ, ಹೋದ ಸ್ಪರ್ಶ ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಕೈಚೆಲ್ಲಿದರು. ಅಪ್ಪನನ್ನು ಬೈದದ್ದಕ್ಕೆ ನನಗೆ ನಾಚಿಕೆಯಾಯಿತು. ಆ ನಾಚಿಕೆ ಇನ್ನೂ ಹೋಗಿಲ್ಲ. ಏನಾದರೂ ಮಾಡಬೇಕಲ್ಲ ಎಂದು ಮುಂದಿನ ರವಿವಾರ ಹೊಸ ರೇಗ್‌ಮಾಲಿನ ಕಟ್ಟು ತಂದು ಅವರ ಮುಂದಿಟ್ಟೆ. ಇನ್ನು ಅಂಟಿಸುವ, ಸವರಿ ನೋಡುವ ತಾಪತ್ರಯವೇ ಇಲ್ಲ ಎಂದೆ. ಎಂಥ ದಡ್ಡಿ ನಾನು!

ಅಪ್ಪ ಒಂದು ಹಾಳೆ ತಿರುಗಿಸಿದರು. ಅದರ ಬೆನ್ನಿಗೆ ದಪ್ಪಗೆ ನಂಬರು ಅಚ್ಚಾಗಿತ್ತು. ಓದಿದರು. ಇನ್ನೊಂದು ಎತ್ತಿ ಅದನ್ನೂ ಓದಿದರು.

“ಎಲ್ಲಾ ಇದರ ಮ್ಯಾಲೇ ಬರದಾರ,” ಎಂದರು. “ಇನ್ನ ನಾ ಯಾಕ ಬೇಕು, ಯವ್ವಾ?”