ಐದನೇ ಗೆಲುವಿನ ಭಯ

ಮಕ್ಕಳೇ, ನಾನು ಚಿಕ್ಕವಳಿದ್ದಾಗ, ಮೂರನೇ ಗ್ರೇಡಿನಲ್ಲಿದ್ದ ವರ್ಷ, ನಮ್ಮ ಮನೆಯಲ್ಲಿ ಗೆಲುವು ಅಂದರೇ ಹೆದರಿಕೆಯಾಗುತ್ತಿತ್ತು. ಆಗ ನಾವು ನಾರ್ತ್ ಕ್ಯಾರೊಲೈನಾದಲ್ಲಿದ್ದೆವು. ಅಕ್ಕ ಕಾಲೇಜು ಸೇರಿದ ಮೊದಲ ವರ್ಷವೇ ಅಲ್ಲಿನ ಈಜು ತಂಡಕ್ಕೆ ಆಯ್ಕೆಯಾಗಿದ್ದಳು. ಆ ತಂಡ ಸತತ ನಾಲ್ಕು ವರ್ಷ ಚಾಂಪಿಯನ್ ಆಗಿತ್ತು. ಐದನೆಯದೂ ಬಂದೇ ಬರುತ್ತದೆ ಎಂದು ಅಪ್ಪ ಆಫೀಸಿನಲ್ಲಿ, ದೇವಸ್ಥಾನದಲ್ಲಿ, ಸಿಕ್ಕ ಅಂಕಲ್ ಆಂಟಿಯರಿಗೆಲ್ಲ ಹೇಳಿಕೊಂಡು ಬಂದಿದ್ದರು.

ಫೈನಲ್ಸ್ ಅಟ್ಲಾಂಟಾದಲ್ಲಿತ್ತು. ಆರು ಗಂಟೆ ಡ್ರೈವ್ ಮಾಡಿಕೊಂಡು ಹೋದೆವು. ಕೊನೆಯ ದಿನದ ಹೊತ್ತಿಗೆ ಎರಡು ತಂಡಗಳ ಅಂಕ ಸಮಸಮವಾಗಿ, ಎಲ್ಲವೂ ರಿಲೇ ಮೇಲೆ ನಿಂತಿತು. ನಾಲ್ವರು ಒಬ್ಬರಾದ ಮೇಲೊಬ್ಬರು ಈಜಬೇಕು; ಕೊನೆಯವಳು ಅಕ್ಕ. ಮುಂಚಿನವಳ ಕೈ ಗೋಡೆ ಮುಟ್ಟುವ ಮೊದಲೇ ಇವಳ ಕಾಲು ಕೊಳದಂಚಿನ ಹಾರುವ ಹಲಗೆ ಬಿಟ್ಟರೆ ಇಡೀ ತಂಡ ಔಟ್.

ಮಧ್ಯಾಹ್ನ ಅಕ್ಕ ನಮ್ಮ ಹೋಟೆಲ್ ರೂಮಿಗೆ ಬಂದು ಅಮ್ಮ ಕಲಸಿದ ಮೊಸರನ್ನವನ್ನು ಎರಡು ಚಮಚ ತಿಂದಳು. ಆಮೇಲೆ ಬಾತ್‌ರೂಮಿನಿಂದ ಸದ್ದು ಕೇಳಿಸಿತು. ನಾನು ಬಾಗಿಲು ತಳ್ಳಿದೆ. ಅಕ್ಕ ತಣ್ಣನೆಯ ಟೈಲ್ಸ್ ಮೇಲೆ ಕುಕ್ಕರಗಾಲಲ್ಲಿ ಕೂತು ವಾಂತಿ ಮಾಡುತ್ತಿದ್ದಳು. ಅವಳ ತುಟಿ ಬಿಳಿಚಿಕೊಂಡಿತ್ತು.

"ಅಪ್ಪಂಗೆ ಹೇಳ್ಬೇಡ ಕಣೇ," ಅಂದಳು. "ಹೋದ ತಿಂಗಳು ಬೇಗ ಜಂಪ್ ಮಾಡ್ಬಿಟ್ಟಿದ್ದೆ. ಇವತ್ತೂ ಹಂಗೇ ಆದ್ರೆ ನಾಲ್ಕು ವರ್ಷದ ಗೆಲುವಿನ ಸ್ಟ್ರೀಕ್ ನನ್ನಿಂದಲೇ ಹೋಗತ್ತೆ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಸಂಜೆ ಗ್ಯಾಲರಿಯಲ್ಲಿ ಕ್ಲೋರಿನ್ ವಾಸನೆ ಮೂಗಿಗೆ ಅಡರುತ್ತಿತ್ತು. ಸೆಕೆಗೆ ಅಂಗಿ ಬೆನ್ನಿಗೆ ಅಂಟಿತ್ತು. ಸುತ್ತಲಿನವರು "ಫೈವ್, ಫೈವ್" ಎಂದು ಕೂಗುತ್ತ ಬೆಂಚನ್ನು ಕಾಲಿನಿಂದ ಬಡಿಯುತ್ತಿದ್ದರು. ಕೆಳಗೆ ನಿಂತಿದ್ದ ಅಕ್ಕ ಹಲಗೆಯಿಂದ ಹಿಂದೆ ಸರಿಯುತ್ತಿರುವುದು ನನಗೊಬ್ಬಳಿಗೇ ಕಾಣಿಸಿತೋ ಏನೋ. ತಡೆಯಲಾಗಲಿಲ್ಲ. ಅಪ್ಪನ ಕಿವಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ.

ಅಪ್ಪ ಬಯ್ಯುತ್ತಾರೆಂದುಕೊಂಡಿದ್ದೆ. ಅವರು ಎದ್ದು ಮೆಟ್ಟಿಲಿಳಿದು ಕಂಬಿಯವರೆಗೆ ಹೋದರು. ಕಾವಲಿನವನು ಕೂರುವಂತೆ ಕೈಮಾಡಿದರೂ ಕೂರಲಿಲ್ಲ.

"ಸೋತ್ರೂ ಪರ್ವಾಗಿಲ್ಲಮ್ಮ," ಎಂದು ಅಷ್ಟು ಗದ್ದಲದ ನಡುವೆ ಕೂಗಿದರು. "ಎಲ್ಲಾ ಮುಗಿಸ್ಕೊಂಡು ಮನೆಗೆ ಹೋಗೋಣ."

ಅಕ್ಕ ತಲೆಯೆತ್ತಿ ಅಪ್ಪನನ್ನು ನೋಡಿದಳು. ಆಮೇಲೆ ನನ್ನನ್ನು. ನಾನು ಮಾತು ಮುರಿದದ್ದು ಅವಳಿಗೆ ತಿಳಿದುಹೋಗಿತ್ತು.

ರಿಲೇ ಶುರುವಾಯಿತು. ಅಕ್ಕನ ಸರದಿ ಬಂದಾಗ ಮುಂಚಿನವಳ ಕೈ ಗೋಡೆಗೆ ತಾಗಿತು; ಅವಳು ಒಂದು ಕ್ಷಣ ಕಾದು ಆಮೇಲೆ ನೀರಿಗೆ ಹಾರಿದಳು. ಕೊನೆಗೆ ಒಂದು ಗೇಣಿನ ಅಂತರದಲ್ಲಿ ಎರಡನೆಯವಳಾದಳು. ತಂಡದ ಗೆಲುವು ನಾಲ್ಕಕ್ಕೇ ನಿಂತಿತು.

ಅಕ್ಕ ಎರಡು ವಾರ ನನ್ನೊಡನೆ ಮಾತಾಡಲಿಲ್ಲ. ಅವಳು ಸೋತದ್ದು ನನ್ನಿಂದಲೇ ಎಂದು ಎಷ್ಟೋ ವರ್ಷ ಹೆದರಿಕೊಂಡಿದ್ದೆ. ನನ್ನ ಮದುವೆಯ ಹಿಂದಿನ ದಿನ ಧೈರ್ಯ ಮಾಡಿ ಕೇಳಿದೆ.

"ಹುಚ್ಚಿ," ಅಂದಳು ಅಕ್ಕ. "ಅವತ್ತು ಅಪ್ಪ ಹಂಗನ್ನದೇ ಇದ್ದಿದ್ರೆ ನಾನು ಆ ಹಲಗೆ ಹತ್ತುತ್ತಲೇ ಇರ್ಲಿಲ್ಲ."

ಮಕ್ಕಳೇ, ನಮ್ಮ ಕಾಲದಲ್ಲಿ ಭಯ ಆಗ್ತಿದೆ ಅಂದರೆ "ಭಯ ಪಡ್ಬಾರ್ದು" ಎಂಬ ಉತ್ತರ ಬಂದು ಮಾತು ಅಲ್ಲಿಗೇ ಮುಗಿಯುತ್ತಿತ್ತು. ನೀವು ಶಾಲೆಯಿಂದ ಬಂದವರೇ "ಅಜ್ಜಿ, ನಂಗೆ ಸ್ಕೇರಿ ಆಗ್ತಿದೆ" ಅಂತೀರಿ. ನಿಮ್ಮಮ್ಮ ಕೈಯಲ್ಲಿರುವ ಕೆಲಸ ಬಿಟ್ಟು ಪಕ್ಕದಲ್ಲಿ ಬಂದು ಕೂರುತ್ತಾಳೆ. ಅದನ್ನು ನೋಡುವಾಗ ಈ ಅಜ್ಜಿಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ.